ಪ್ರಶ್ನೆ ಕೇಳದ ಶಾಲೆಗೆ ಅನುಭವ ಮಂಟಪದ ಹೆಸರೇಕೆ?

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮಾರನೆಯ ದಿನ ನಮ್ಮ ಮಠಗಳ ಶಾಲೆಗಳ ಗೇಟಿನ ಮೇಲೆ ಫ್ಲೆಕ್ಸ್ ಏರುತ್ತದೆ. ಮೇಲೆ ಅಪ್ಪ ಬಸವಣ್ಣನವರು, ಪಕ್ಕದಲ್ಲಿ ಪೂಜ್ಯರು, ಕೆಳಗೆ ಸಾಲಾಗಿ ಮಕ್ಕಳ ಭಾವಚಿತ್ರ, ಪ್ರತಿ ಮುಖದ ಕೆಳಗೆ 625ಕ್ಕೆ ಇಷ್ಟು ಎಂಬ ಅಂಕಿ. ಆ ಮಕ್ಕಳ ದುಡಿಮೆಗೆ ಶರಣು. ಆದರೆ ಆ ಫ್ಲೆಕ್ಸ್ ಕಟ್ಟಿದ ಆಡಳಿತ ಮಂಡಳಿಯವರನ್ನು ನಾನು ಒಂದು ಮಾತು ಕೇಳಬೇಕಾಗಿದೆ. ಈ ಮಕ್ಕಳಲ್ಲಿ ಎಷ್ಟು ಜನ ಹತ್ತು ವರ್ಷಗಳಲ್ಲಿ ತಮ್ಮದೇ ಆದ ಒಂದು ಪ್ರಶ್ನೆಯನ್ನು ಎದ್ದು ನಿಂತು ಮಾಸ್ತರರಿಗೆ ಕೇಳಿದ್ದಾರೆ? ಹಾಜರಿ ಪುಸ್ತಕ ಇದೆ, ಅಂಕಪಟ್ಟಿ ಇದೆ, ಫೀ ಬಾಕಿಯ ಪುಸ್ತಕವಂತೂ ಇದ್ದೇ ಇದೆ. ಮಗು ಕೇಳಿದ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಪುಸ್ತಕವಿಲ್ಲ.

ನಮ್ಮ ಎಷ್ಟೋ ಶಾಲೆಗಳ ಸಭಾಭವನಕ್ಕೆ ಅನುಭವ ಮಂಟಪ ಎಂದೇ ಹೆಸರು. ಒಳಗೆ ಹೋಗಿ ನೋಡಿ. ಎಲ್ಲ ಕುರ್ಚಿಗಳೂ ಒಂದೇ ದಿಕ್ಕಿಗೆ ಮುಖ ಮಾಡಿವೆ, ಮೈಕು ವೇದಿಕೆಯ ಮೇಲೆ ಮಾತ್ರ ಇದೆ. ಕಲ್ಯಾಣದ ಮಂಟಪದಲ್ಲಿ ಮಾತನಾಡಿದವರು ಯಾರು? ಚಮ್ಮಾರರು, ಮಡಿವಾಳರು, ಅಂಬಿಗರು, ಸೂಳೆಗಾರಿಕೆ ಬಿಟ್ಟು ಬಂದ ಹೆಣ್ಣುಮಕ್ಕಳು. ಶೂನ್ಯಸಂಪಾದನೆಯನ್ನು ಓದಿದವರಿಗೆ ಗೊತ್ತು, ಅದು ಉಪನ್ಯಾಸಗಳ ಸಂಕಲನವಲ್ಲ, ಆದಿಯಿಂದ ಅಂತ್ಯದವರೆಗೆ ಸಂವಾದ. ಮುಕ್ತಾಯಕ್ಕ ಅಲ್ಲಮಪ್ರಭುಗಳಿಗೆ ಸುಲಭವಾಗಿ ತಲೆಬಾಗುವುದಿಲ್ಲ. ಕೆರೆ ಕಟ್ಟಿಸುತ್ತಿದ್ದ ಸೊನ್ನಲಿಗೆಯ ಸಿದ್ಧರಾಮರು (ನೀರಾವರಿ ಇಲಾಖೆಯಲ್ಲಿ ಆಯುಷ್ಯ ಕಳೆದ ನನ್ನಂಥವನಿಗೆ ಅವರ ಮೇಲೆ ಸ್ವಲ್ಪ ಪಕ್ಷಪಾತ) ಪ್ರಭುಗಳೊಡನೆ ವಾದಕ್ಕೇ ಇಳಿಯುತ್ತಾರೆ. ಹಿರಿಯಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ನನಗೇಕೆ ಎಂದು ಬಾಲಕ ಬಸವಣ್ಣ ಕೇಳಿದನೆಂಬ ಕಥೆಯನ್ನು ಪ್ರತಿ ಬಸವ ಜಯಂತಿಯಲ್ಲಿ ನಾವು ವೇದಿಕೆಯಿಂದ ಹೇಳುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಮಾರನೆಯ ದಿನ ಅದೇ ವಯಸ್ಸಿನ ಹುಡುಗ ತರಗತಿಯಲ್ಲಿ ಯಾಕೆ ಎಂದು ಕೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತೇವೆ.

ನಾನು ಹೇಳಹೊರಟದ್ದು ಇಷ್ಟು. ನಮ್ಮ ಶಾಲೆಗಳಲ್ಲಿ ಕಲಿಕೆಯ ಚುಕ್ಕಾಣಿಯ ಒಂದು ಭಾಗವಾದರೂ ವಿದ್ಯಾರ್ಥಿಗಳ ಕೈಗೆ ಬರಬೇಕು. ಮಗು ತನ್ನ ವೇಗದಲ್ಲಿ ಕಲಿಯಬೇಕು, ತನ್ನ ಪ್ರಶ್ನೆ ತಾನು ಹಾಕಬೇಕು, ತಿಳಿದದ್ದನ್ನು ಪಕ್ಕದ ಮಗುವಿಗೆ ತಿಳಿಸಿ ಹೇಳಬೇಕು. ಶಿಕ್ಷಕರು ಸಾಮಗ್ರಿ ಸಿದ್ಧಪಡಿಸಬೇಕು, ನೋಡುತ್ತಿರಬೇಕು, ತೊಡಕು ಬಂದಲ್ಲಿ ಕೈಹಾಕಬೇಕು. ನಲವತ್ತು ನಿಮಿಷ ನಿಂತು ಹೇಳುವುದು, ಅರವತ್ತು ಮಕ್ಕಳು ಕೂತು ಬರೆದುಕೊಳ್ಳುವುದು ಎಂಬ ಏರ್ಪಾಡು ಕಲಿಸುವುದರ ಒಂದು ರೀತಿ ಮಾತ್ರ. ಅದನ್ನೇ ಶಿಕ್ಷಣ ಎಂದು ನಂಬಿ ಕೂತಿದ್ದೇವೆ.

ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಕಾಲುವೆಯ ತಲೆಯಲ್ಲಿ ಇಷ್ಟು ಕ್ಯೂಸೆಕ್ ಬಿಟ್ಟೆವು ಎಂದು ರಿಜಿಸ್ಟರಿನಲ್ಲಿ ಬರೆಯುವುದು ಸುಲಭ. ಆ ನೀರು ಕೊನೆ ಭಾಗದ ರೈತನ ಹೊಲ ಮುಟ್ಟಿತೇ ಎಂಬುದು ಬೇರೆ ಲೆಕ್ಕ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರನ್ನು, ಮಾನ್ವಿ, ರಾಯಚೂರು ಕಡೆಯ ರೈತರನ್ನು ಕೇಳಿ, ಅವರು ಹೇಳುತ್ತಾರೆ. ಪಾಠ ಮುಗಿಸಿದ್ದೇವೆ ಎನ್ನುವ ನಮ್ಮ ಶಿಕ್ಷಕರು ತೂಬಿನ ಲೆಕ್ಕ ಕೊಡುತ್ತಿದ್ದಾರೆ. ಕೊನೆಯ ಬೆಂಚಿನ ಬೇರಿಗೆ ತೇವ ಹೋಯಿತೇ ಎಂದು ಅಳೆದವರಿಲ್ಲ.

ಈ ಮಾತು ಆಡಿದ ಕೂಡಲೇ ಬರುವ ಮೊದಲ ಉತ್ತರ, ಇದೆಲ್ಲ ವಿದೇಶದಿಂದ ಬಂದ ಸರಕು ಎಂಬುದು. ಹಾಗಾದರೆ 1823ರ ಬಳ್ಳಾರಿಗೆ ಹೋಗೋಣ. ಆಗ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ ಮದರಾಸು ಸರ್ಕಾರಕ್ಕೆ ತನ್ನ ಜಿಲ್ಲೆಯ ಶಾಲೆಗಳ ವರದಿ ಕಳಿಸಿದ. ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ‘ದಿ ಬ್ಯೂಟಿಫುಲ್ ಟ್ರೀ’ ಗ್ರಂಥದಲ್ಲಿ ಅದು ಇಡಿಯಾಗಿ ಇದೆ, ಪ್ರತಿ ಮಠದ ಗ್ರಂಥಾಲಯದಲ್ಲೂ ಇರಬೇಕಾದ ಪುಸ್ತಕ. ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಅನಂತಪುರದ ಸೀಮೆಯೂ ಆಗ ಬಳ್ಳಾರಿಗೆ ಸೇರಿತ್ತು, ಹಾಗಾಗಿ 235 ಕನ್ನಡ ಶಾಲೆಗಳ ಜೊತೆಗೆ 226 ತೆಲುಗು ಶಾಲೆಗಳು. ಲಿಂಗಧಾರಿಗಳ ಮಕ್ಕಳು ಏನು ಓದುತ್ತಿದ್ದರೆಂಬುದನ್ನೂ ಅವನು ಬರೆದಿದ್ದಾನೆ: ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ ಮುಂತಾದವು. ಮಕ್ಕಳು ಬೆರಳಿನಿಂದ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತಿದ್ದರು, ಹಾಗೆ ಕಲಿಸುತ್ತ ತಮ್ಮ ವಿದ್ಯೆಯನ್ನು ಗಟ್ಟಿಮಾಡಿಕೊಳ್ಳುತ್ತಿದ್ದರು. ಈ ಪದ್ಧತಿ ಮೆಚ್ಚತಕ್ಕದ್ದು, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂಬುದು ಆ ಕಲೆಕ್ಟರನ ಅಭಿಪ್ರಾಯ. ಅವನು ಅನುಕರಣೆ ಎಂದದ್ದು ಆಂಡ್ರ್ಯೂ ಬೆಲ್‌ನ ಪ್ರಯೋಗವನ್ನು. ಮದರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಬೆಲ್ ಇಲ್ಲಿಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಕ್ರಮವನ್ನು ರೂಢಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ನಮ್ಮ ಜಗಲಿ ಶಾಲೆಯ ಪದ್ಧತಿ ಇಂಗ್ಲೆಂಡಿಗೆ ಹೋಯಿತು, ನಾವು ಅದನ್ನು ವಿದೇಶಿ ಎನ್ನುತ್ತಿದ್ದೇವೆ.

ಹಾಗೆಂದು ಹಳೆಯದೆಲ್ಲ ಬಂಗಾರವಾಗಿತ್ತು ಎಂದು ಎದೆ ತಟ್ಟಿಕೊಳ್ಳುವವರ ಸಾಲಿಗೂ ನಾನು ಸೇರಲಾರೆ. ಅದೇ ವರದಿಯಲ್ಲಿ ಇನ್ನೆರಡು ಸಂಗತಿಗಳಿವೆ. 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ 60. ಎರಡನೆಯದು, ಮಕ್ಕಳು ಪದ್ಯಗಳನ್ನು ಸಾಲುಸಾಲಾಗಿ ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಣಿಗೆ ತಿಳಿದಷ್ಟೇ ಎಂದು ಅವನು ದೂರಿದ್ದಾನೆ. ಇನ್ನೂರು ವರ್ಷದ ಹಿಂದಿನ ಈ ದೂರು ಓದುವಾಗ ನನಗೆ ನಮ್ಮ ಶರಣ ಸಂಸ್ಕೃತಿ ಉತ್ಸವಗಳು ಕಣ್ಣಮುಂದೆ ಬರುತ್ತವೆ. ಕಿರೀಟ ತೊಟ್ಟ ಪುಟ್ಟ ಬಸವಣ್ಣ, ತಲೆಗೂದಲು ಬಿಟ್ಟ ಪುಟ್ಟ ಅಕ್ಕಮಹಾದೇವಿ, ಒಂದೇ ಉಸಿರಿಗೆ ಹತ್ತು ವಚನ. ಒಂದು ಶಬ್ದದ ಅರ್ಥ ಕೇಳಿ ನೋಡಿ, ಮಗು ಪರದೆಯ ಹಿಂದೆ ನಿಂತ ಟೀಚರನ್ನು ನೋಡುತ್ತದೆ.

ಇಂಗ್ಲೆಂಡಿನಲ್ಲಿ ಬೆಲ್ ಮತ್ತು ಲ್ಯಾಂಕಾಸ್ಟರರ ಪದ್ಧತಿ ಏನಾಯಿತೆಂಬುದೂ ಪಾಠವೇ. ಒಬ್ಬ ಮಾಸ್ತರ, ನೂರಾರು ಹುಡುಗರು, ನಡುವೆ ಮಾನಿಟರುಗಳ ಪಡೆ. ಖರ್ಚು ಕಡಿಮೆ ಎಂಬ ಒಂದೇ ಕಾರಣಕ್ಕೆ ಅದು ಹಬ್ಬಿತು, ಕೊನೆಗೆ ಕವಾಯತಾಯಿತು. ಮಕ್ಕಳಿಂದ ಮಕ್ಕಳು ಕಲಿಯುವುದು ಎಂದ ಕೂಡಲೇ ಕಣ್ಣರಳಿಸಿ, ಹಾಗಾದರೆ ಇಬ್ಬರು ಶಿಕ್ಷಕರನ್ನು ಕಡಿಮೆ ಮಾಡಬಹುದಲ್ಲ ಎನ್ನುವ ಕಾರ್ಯದರ್ಶಿಗಳು ನಮ್ಮ ಸಂಸ್ಥೆಗಳಲ್ಲಿಯೂ ಇದ್ದಾರೆ. ಅಂಥವರು ಈ ಲೇಖನವನ್ನು ಇಲ್ಲಿಗೇ ಓದಿ ನಿಲ್ಲಿಸಬಾರದು.

ನಮ್ಮದೇ ನಾಡಿನಲ್ಲಿ, ಸರ್ಕಾರಿ ಶಾಲೆಯಲ್ಲಿ, ಇದನ್ನು ಸರಿಯಾಗಿ ಮಾಡಿ ತೋರಿಸಿದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲೆಯ ಶಿಕ್ಷಕರು ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿಯ ಸುತ್ತಲಿನ ಹಳ್ಳಿಶಾಲೆಗಳ ಕ್ರಮ ನೋಡಿ ಬಂದರು. ಯುನಿಸೆಫ್ ನೆರವಿತ್ತು, ಆದರೆ ಕಾರ್ಡುಗಳನ್ನು ಬರೆದವರು ಈ ಶಿಕ್ಷಕರೇ. ನಲಿಕಲಿ ಹುಟ್ಟಿದ್ದು ಹೀಗೆ. ಪಠ್ಯವನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು, ಗೋಡೆಯ ಮೇಲೆ ಕಲಿಕಾ ಏಣಿ ಬಿಡಿಸಿದರು. ಮಗು ಬಂದು ಏಣಿಯಲ್ಲಿ ತಾನು ಎಲ್ಲಿದ್ದೇನೆಂದು ನೋಡಿ, ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು, ತನ್ನ ತಂಡಕ್ಕೆ ಹೋಗಿ ಕೂರುತ್ತದೆ. ತಂಡಗಳು ಐದು. ಒಂದಕ್ಕೆ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದಕ್ಕೆ ಅರೆ ಸಹಾಯ, ಮತ್ತೆರಡಕ್ಕೆ ಸಹಪಾಠಿಗಳ ಸಹಾಯ, ಕೊನೆಯದು ಸ್ವಕಲಿಕೆ. ನಾಲ್ಕು ದಿನ ಹೊಲಕ್ಕೆ ಹೋಗಿ ಶಾಲೆ ತಪ್ಪಿಸಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ, ತರಗತಿ ಅದನ್ನು ಬಿಟ್ಟು ಓಡಿಹೋಗಿರುವುದಿಲ್ಲ.

2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ನಲಿಕಲಿ ವಿಸ್ತರಿಸಿತು. ಹಾಗೆ ಹಬ್ಬಿದಾಗ ಕಾರ್ಡುಗಳು ಎಲ್ಲ ಕಡೆ ಹೋದವು, ಅವನ್ನು ಬರೆದವರ ಹುಮ್ಮಸ್ಸು ಎಲ್ಲ ಕಡೆ ಹೋಗಲಿಲ್ಲ. ಆದೇಶದ ಮೇಲೆ ಬಂದ ಸ್ವಾತಂತ್ರ್ಯ ಹಾಗೆಯೇ ಇರುತ್ತದೆ. ಆದರೂ ಬಡವರ ಮಕ್ಕಳು ಓದುವ ಸರ್ಕಾರಿ ಶಾಲೆಯ ಒಂದನೇ ತರಗತಿಯಲ್ಲಿ ಮಗು ತಾನೇ ಎದ್ದು ಕಾರ್ಡು ಆರಿಸುತ್ತದೆ. ಲಕ್ಷಗಟ್ಟಲೆ ಡೊನೇಶನ್ ಪಡೆಯುವ ನಮ್ಮ ಸಂಸ್ಥೆಯ ಒಂದನೇ ತರಗತಿಯ ಮಗು ಬಾಯಿಯ ಮೇಲೆ ಬೆರಳಿಟ್ಟು ಕೂತಿರುತ್ತದೆ. ಎರಡರಲ್ಲಿ ಯಾವುದು ಶರಣರ ಶಾಲೆ?

ಮೇಲಿನ ತರಗತಿಗೆ ಇದು ಆಗದು ಎನ್ನುವವರಿಗೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಎರಡು ವರ್ಷಗಳಿಂದ ನಮ್ಮ ಭಾಗದ ಒಂದು ಮಠದ ಪ್ರಸಾದ ನಿಲಯದಲ್ಲಿ ಸಂಜೆ ಒಂದೂವರೆ ತಾಸು ಒಂಬತ್ತನೆಯ ತರಗತಿಯ ಹುಡುಗರ ಜೊತೆ ಕೂರುತ್ತೇನೆ. ಪಾಠ ಮಾಡುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದೆ. ಒಂದು ದಿನ ಎರಡು ಗೋಡೆಗಳ ಮೇಲೆ ಒಂದೇ ಮಟ್ಟದ ಗುರುತು ಹಾಕುವುದು ಹೇಗೆ ಎಂಬ ಮಾತು ಬಂತು. ಗಣಿತದಲ್ಲಿ ತೊಂಬತ್ತು ತೆಗೆಯುವವರು ಸ್ಕೇಲು ಹುಡುಕಿದರು. ಹಿಂದೆ ಕೂತಿದ್ದ ಒಬ್ಬ ಹುಡುಗ, ಗೌಂಡಿಯವರ ಮಗ, ಎದ್ದು ಹೋಗಿ ಕಟ್ಟಡ ಕೆಲಸದವರಿಂದ ನೀರು ತುಂಬಿದ ಪಾರದರ್ಶಕ ಪೈಪು ತಂದ. ‘ಮೊದಲ ಗುಳ್ಳಿ ತಗೀಬೇಕ್ರಿ ಸರ್. ಗುಳ್ಳಿ ಇದ್ರ ಲೆವೆಲ್ ಸುಳ್ಳ ಹೇಳತೈತಿ’ ಎಂದ. ನಲವತ್ತು ವರ್ಷ ಕೆಲಸ ಮಾಡಿದ ಮೇಸ್ತ್ರಿಯ ಮಾತಿನ ಹಾಗಿತ್ತು.

ಅವನೇ ಎಲ್ಲರಿಗೂ ತೋರಿಸಿದ. ಆಗ ಇನ್ನೊಬ್ಬ ಕೇಳಿದ, ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಇದ್ದರೆ? ದಪ್ಪ ಕಡೆಯ ನೀರಿನ ಭಾರ ಹೆಚ್ಚು, ಅದು ಸಣ್ಣ ಕಡೆಯ ನೀರನ್ನು ಮೇಲಕ್ಕೆ ತಳ್ಳುವುದಿಲ್ಲವೇ? ನನ್ನ ಬಾಯಿಗೆ ಉತ್ತರ ಬಂದಿತ್ತು, ನುಂಗಿಕೊಂಡೆ. ಹುಡುಗರು ಎರಡು ಪಂಗಡವಾದರು, ಎರಡು ಸಂಜೆ ಜಗಳವಾಡಿದರು. ಮೂರನೆಯ ಸಂಜೆ ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಬೋರಲು ಹಾಕಿ, ಅದರ ಬಾಯಿಗೆ ಪೈಪು ಸಿಗಿಸಿ, ಸೋರುವುದಕ್ಕೆ ಸೈಕಲ್ ಟ್ಯೂಬು ಸುತ್ತಿ, ನೀರು ಹೊಯ್ದರು. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಂತಿತು. ಒತ್ತಡ ನೀರಿನ ಎತ್ತರದಿಂದ ಬರುತ್ತದೆ, ಅಗಲದಿಂದಲ್ಲ ಎಂಬ ತತ್ವವನ್ನು ನಾನು ಡಿಗ್ರಿಯಲ್ಲಿ ಸೂತ್ರವಾಗಿ ಬರೆದುಕೊಂಡಿದ್ದೆ. ಅವರು ಕೈ ಒದ್ದೆ ಮಾಡಿಕೊಂಡು ಕಂಡರು. ಕಾಯಕ ಎಂಬ ಶಬ್ದಕ್ಕೆ ಶಾಲೆಯೊಳಗೆ ಏನಾದರೂ ಅರ್ಥವಿದ್ದರೆ ಅದು ಇದೇ. ಅಪ್ಪನ ಕಸುಬಿನ ಅರಿವು ಮಗನ ಪಾಠವಾಯಿತು, ಕೊನೆಯ ಬೆಂಚಿನವನು ಮೊದಲ ಬೆಂಚಿನವನಿಗೆ ಗುರುವಾದ.

ಅದೇ ಹುಡುಗ ಹಗಲು ತರಗತಿಯಲ್ಲಿ ದಪ್ಪ ಪೈಪು, ಸಣ್ಣ ಪೈಪಿನ ಪ್ರಶ್ನೆ ಕೇಳಿದಾಗ ಬಂದ ಉತ್ತರ: ‘ಪರೀಕ್ಷಾಕ್ಕ ಬರಂಗಿಲ್ಲ, ಕುಂದ್ರು.’

ಶಿಕ್ಷಕರನ್ನು ನಾನು ಹಳಿಯುವುದಿಲ್ಲ. ನಮ್ಮ ಎಷ್ಟೋ ಅನುದಾನರಹಿತ ಶಾಲೆಗಳಲ್ಲಿ ಅವರಿಗೆ ಸಿಗುವ ಸಂಬಳ ಆ ಹುಡುಗನ ಅಪ್ಪನ ತಿಂಗಳ ದುಡಿಮೆಗಿಂತ ಕಡಿಮೆ. ಅವರ ತಲೆಯ ಮೇಲೆ ಶೇಕಡಾ ನೂರು ಫಲಿತಾಂಶದ ಕತ್ತಿ ತೂಗಿಬಿಟ್ಟವರು ಆಡಳಿತ ಮಂಡಳಿಯವರು. ಶೇಕಡಾ ನೂರನ್ನು ತರುವ ಸುಲಭದ ದಾರಿ ಯಾವುದೆಂದು ಎಲ್ಲರಿಗೂ ಗೊತ್ತು, ಯಾರೂ ಬರೆಯುವುದಿಲ್ಲ. ನಪಾಸಾಗಬಹುದಾದ ಮಕ್ಕಳಿಗೆ ಒಂಬತ್ತನೆಯಲ್ಲಿಯೇ ಟಿ.ಸಿ. ಕೊಟ್ಟು ಕಳಿಸುವುದು. ಈ ವರ್ಷ ಆ ಶಾಲೆಯಲ್ಲಿ ತಯಾರಾದ ಪಟ್ಟಿಯಲ್ಲಿ ಏಳು ಹೆಸರುಗಳಿವೆ. ಗೌಂಡಿಯವರ ಮಗನ ಹೆಸರು ಮೂರನೆಯದು. ದಾಸೋಹದ ಪ್ರಸಾದ ಉಣಿಸಿ ಸಾಕಿದ ಮಗುವನ್ನು ಫ್ಲೆಕ್ಸಿನ ಅಂದಕ್ಕಾಗಿ ಹೊರಗೆ ಹಾಕುವ ನಾವು ಕಲ್ಯಾಣದ ಮಾತು ಯಾವ ಬಾಯಿಂದ ಆಡುತ್ತೇವೆ?

ಚುಕ್ಕಾಣಿ ಮಕ್ಕಳ ಕೈಗೆ ಕೊಟ್ಟರೆ ಪೋರ್ಶನ್ ಮುಗಿಯುವುದಿಲ್ಲ, ಫಲಿತಾಂಶ ಬೀಳುತ್ತದೆ ಎಂಬುದು ಅವರ ಭಯ. ಇದಕ್ಕೆ ಉತ್ತರ ನಮ್ಮ ಸಂಸ್ಥೆಗಳು ಸಾಲುಸಾಲಾಗಿ ನಡೆಸುವ ಇಂಜಿನಿಯರಿಂಗ್ ಕಾಲೇಜುಗಳಿಗೂ ಸಲ್ಲುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಜೂರ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳು ಕಠಿಣ ಲೆಕ್ಕ ಬಿಡಿಸುತ್ತಾರೆ, ಆದರೆ ಭಾರಿ ಲಾರಿಯೂ ಸಣ್ಣ ಕಾರೂ ಡಿಕ್ಕಿಯಾದಾಗ ಯಾವುದರ ಮೇಲೆ ಬಲ ಹೆಚ್ಚು ಎಂಬಂಥ ಪ್ರಶ್ನೆಗೆ ಎಡವುತ್ತಾರೆ ಎಂದು ಕಂಡುಕೊಂಡರು. (ಬಲ ಎರಡರ ಮೇಲೂ ಸಮಾನ. ನಮ್ಮ ಕಾಲೇಜಿನ ಅಂತಿಮ ವರ್ಷದವರನ್ನು ಕೇಳಿ ನೋಡಿ.) 1991ರಿಂದ ಅವರು ಉಪನ್ಯಾಸವನ್ನು ತುಂಡು ಮಾಡಿದರು. ಒಂದು ಪ್ರಶ್ನೆ ಹಾಕುವುದು, ಪ್ರತಿಯೊಬ್ಬರೂ ತಾವೇ ಯೋಚಿಸಿ ಉತ್ತರ ಕೊಡುವುದು, ಆಮೇಲೆ ಪಕ್ಕದವರನ್ನು ಒಪ್ಪಿಸಲು ವಾದಿಸುವುದು, ಮತ್ತೆ ಉತ್ತರ ಕೊಡುವುದು. ಹತ್ತು ವರ್ಷಗಳ ಫಲಿತಾಂಶವನ್ನು ಅವರೂ ಸಹೋದ್ಯೋಗಿಯೊಬ್ಬರೂ 2001ರಲ್ಲಿ ಪ್ರಕಟಿಸಿದರು. ಪರಿಕಲ್ಪನೆಯ ತಿಳಿವಳಿಕೆಯೂ ಬೆಳೆದಿತ್ತು, ಲೆಕ್ಕ ಬಿಡಿಸುವ ಶಕ್ತಿಯೂ ಬೆಳೆದಿತ್ತು. ಇದಕ್ಕೆ ಸ್ಮಾರ್ಟ್ ಬೋರ್ಡು ಬೇಡ. ಒಳ್ಳೆಯ ಪ್ರಶ್ನೆ ಬೇಕು, ಮಾತಾಡಲು ಬಿಡುವ ಮನಸ್ಸು ಬೇಕು.

ಎದುರು ಪಕ್ಷದ ಒಂದು ಗಟ್ಟಿ ವಾದವನ್ನೂ ಮುಚ್ಚಿಡಬಾರದು. ಹೊಸದಾಗಿ ಕಲಿಯುವವರನ್ನು ಮಾರ್ಗದರ್ಶನವಿಲ್ಲದೆ ಕೈಬಿಟ್ಟರೆ ಅವರು ಕಲಿಯುವುದು ಕಡಿಮೆ, ತಬ್ಬಿಬ್ಬಾಗುವುದು ಹೆಚ್ಚು ಎಂದು ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ವಿದ್ವಾಂಸರು 2006ರಲ್ಲಿ ಬರೆದರು. ನಾನು ಒಪ್ಪುತ್ತೇನೆ. ಈಜು ಬಾರದವನನ್ನು ಬಾವಿಗೆ ನೂಕಿ ಸ್ವಕಲಿಕೆ ಎನ್ನುವುದು ಕ್ರೌರ್ಯ. ಆದರೆ ನಲಿಕಲಿಯ ಏಣಿ ಏನು? ಅದು ಪ್ರತಿ ಮೆಟ್ಟಿಲಿಗೂ ಮೊದಲೇ ಯೋಚಿಸಿ ಇಟ್ಟ ಮಾರ್ಗದರ್ಶನ. 1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಸುಗತ ಮಿತ್ರಾ ಗೋಡೆಯಲ್ಲಿ ಕಿಂಡಿ ಕೊರೆದು ಕಂಪ್ಯೂಟರ್ ಇಟ್ಟದ್ದನ್ನೂ, ಕೊಳೆಗೇರಿಯ ಮಕ್ಕಳು ತಾವೇ ಅದನ್ನು ಬಳಸಲು ಕಲಿತದ್ದನ್ನೂ ಹೇಳಿ, ಹಾಗಾದರೆ ಶಿಕ್ಷಕರೇ ಬೇಡ ಎನ್ನುವವರಿಗೆ ಒಂದು ನೆನಪು: ಮುಂದೆ ಅದೇ ಮಿತ್ರಾ ಮಕ್ಕಳ ಜೊತೆ ಇಂಟರ್ನೆಟ್ಟಿನಲ್ಲಿ ಮಾತಾಡಿ ಹುರಿದುಂಬಿಸಲು ಅಜ್ಜಿಯರ ಗುಂಪನ್ನು ಕಟ್ಟಬೇಕಾಯಿತು.

ಇನ್ನೊಂದು ಅಪಾಯ ನಮ್ಮ ಸಮಾಜಕ್ಕೇ ಸೇರಿದ್ದು. ಮಾನಿಟರ್ ಯಾರಾಗುತ್ತಾರೆ? ದೇಣಿಗೆ ಕೊಟ್ಟವರ ಮಗ, ಗೌಡರ ಮೊಮ್ಮಗ, ಇಂಗ್ಲಿಷ್ ಬರುವ ಹುಡುಗಿ. ಮಕ್ಕಳಿಗೆ ಮಕ್ಕಳು ಕಲಿಸುವುದೆಂದು ಹೇಳಿ ಮನೆಯ ಯಜಮಾನಿಕೆಯನ್ನೇ ತರಗತಿಗೆ ತಂದರೆ ಅದು ಹೊಸ ಬಾಟಲಿಯ ಹಳೆಯ ವರ್ಣಾಶ್ರಮ. ಸರದಿ ಇರಬೇಕು, ಪ್ರತಿ ಮಗುವಿಗೂ ಕಲಿಸುವ ವಾರ ಬರಬೇಕು, ಹೆಣ್ಣುಮಕ್ಕಳಿಗೂ. ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋದವರು ನೋಡಿರುತ್ತಾರೆ. ಪಂಡಿತ ಪಂಚಾಕ್ಷರಿ ಗವಾಯಿಗಳು ಕಟ್ಟಿದ ಆ ಆಶ್ರಮದಲ್ಲಿ ಕಣ್ಣು ಕಾಣದ ಹಿರಿಯ ವಿದ್ಯಾರ್ಥಿ ಕಣ್ಣು ಕಾಣದ ಕಿರಿಯನಿಗೆ ಸ್ವರ ಹೇಳಿಕೊಡುತ್ತಾನೆ. ಯಾವ ಜಾತಿ, ಯಾರ ಮಗ ಎಂದು ಅಲ್ಲಿ ಕೇಳುವುದಿಲ್ಲ.

ಪೂಜ್ಯರಲ್ಲಿ ನನ್ನ ಬಿನ್ನಹ ದೊಡ್ಡದಲ್ಲ. ಬರುವ ಶೈಕ್ಷಣಿಕ ವರ್ಷದಿಂದ ತಮ್ಮ ಆಶ್ರಯದ ಒಂದೊಂದು ಶಾಲೆಯಲ್ಲಾದರೂ ವಾರದ ಅವಧಿಗಳಲ್ಲಿ ಮೂರರಲ್ಲಿ ಒಂದನ್ನು ಮಕ್ಕಳ ತಂಡಗಳಿಗೆ ಬಿಡಿ. ಅದಕ್ಕೆ ಬೇಕಾದ ಪ್ರಶ್ನೆ, ಕಾರ್ಡು ಸಿದ್ಧಪಡಿಸಲು ಶಿಕ್ಷಕರಿಗೆ ಸಂಬಳ ಸಹಿತ ಬೇಸಿಗೆಯ ಹದಿನೈದು ದಿನ ಕೊಡಿ, ಎಚ್.ಡಿ. ಕೋಟೆಯವರ ಹಾಗೆ ಅವರೇ ಬರೆಯಲಿ. ತರಗತಿಗೆ ಒಂದು ಪ್ರಶ್ನೆ ಪುಸ್ತಕ ಇಡಿಸಿ, ದಾಸೋಹಕ್ಕೆ ಬಂದಾಗ ಪಾಸಾದವರ ಸಂಖ್ಯೆಯ ಬದಲು ಆ ಪುಸ್ತಕ ತರಿಸಿ ಓದಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ, ಭಯವಿಲ್ಲದ ಕಲಿಕೆಯನ್ನೇ ಹೇಳುತ್ತದೆ, ಹಾಗಾಗಿ ಇಲಾಖೆ ಒಪ್ಪುವುದಿಲ್ಲ ಎಂಬ ನೆಪವೂ ನಿಲ್ಲುವುದಿಲ್ಲ.

ಇವಕ್ಕೆಲ್ಲ ಒಂದು ವರ್ಷ ಹಿಡಿಯಲಿ, ಎರಡು ಹಿಡಿಯಲಿ. ಟಿ.ಸಿ. ಪಟ್ಟಿಯ ಮಾತು ಮಾತ್ರ ಕಾಯುವುದಿಲ್ಲ. ಮಠದ ಹೆಸರಿನ ಯಾವ ಶಾಲೆಯೂ ಫಲಿತಾಂಶದ ಕಾರಣಕ್ಕೆ ಮಗುವನ್ನು ಹೊರಗೆ ಕಳಿಸಕೂಡದು ಎಂದು ಪೂಜ್ಯರು ಒಂದು ಸಾಲಿನ ಅಪ್ಪಣೆ ಕೊಟ್ಟರೆ ಸಾಕು. ಆ ಏಳು ಮಕ್ಕಳ ತಂದೆತಾಯಿಗಳನ್ನು ಮುಂದಿನ ಸೋಮವಾರ ಶಾಲೆಗೆ ಕರೆದಿದ್ದಾರೆ. ನಾನೂ ಹೋಗುವವನಿದ್ದೇನೆ.